ಚಿಂಪಾಂಜಿಗೂ ನಮಗೂ ಎಷ್ಟು ಸಾಮ್ಯ: 98.8, 96, 85? ಮಕ್ಕಳಿಗೆ ಯಾವುದನ್ನು ಹೇಳಲಿ?

ವಿಜ್ಞಾನ ಮಾಸ್ತರ, ಶಹಾಪುರ
ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅನುವಂಶೀಯತೆ ಪಾಠ ನಡೆದಿದೆ. ಚಿಂಪಾಂಜಿಯ ಡಿಎನ್‌ಎ ನಮ್ಮ ಡಿಎನ್‌ಎಯನ್ನು ಶೇ 98.8ರಷ್ಟು ಹೋಲುತ್ತದೆ ಅಂತ ಹೇಳಿದ್ದೆ. ಮರುದಿನ ಒಬ್ಬ ಹುಡುಗ ಅಣ್ಣನ ಮೊಬೈಲಿನಲ್ಲಿ ನೋಡಿಕೊಂಡು ಬಂದು "ಸರ್, ಅದು 96 ಅಂತೆ" ಅಂದ. ಹಿಂದಿನ ಬೆಂಚಿನವನು "ಇಲ್ಲ ಸರ್, ಈಗ 85 ಅಂತ ವಿಡಿಯೋ ಬಂದಿದೆ" ಅಂದ. ಮೂರೂ ಸಂಖ್ಯೆ ಎಲ್ಲಿಂದ ಬಂದವು, ಯಾವುದು ಸರಿ ಅಂತ ಬಿಡಿಸಿ ಹೇಳಬೇಕು.

ಒಬ್ಬ ಹುಡುಗಿ ಇನ್ನೂ ಒಳ್ಳೆ ಪ್ರಶ್ನೆ ಕೇಳಿದಳು. "ನನಗೂ ನನ್ನ ತಮ್ಮನಿಗೂ ಶೇ 50ರಷ್ಟು ಡಿಎನ್‌ಎ ಒಂದೇ ಅಂತೀರಿ. ಚಿಂಪಾಂಜಿ ಜೊತೆ 98 ಅಂತೀರಿ. ಹಾಗಾದರೆ ತಮ್ಮನಿಗಿಂತ ಚಿಂಪಾಂಜಿನೇ ಹತ್ತಿರವಾ?"

ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಉತ್ತರ ಬೇಕು. ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ತೊಗರಿ ಕಣಜ
98.8 ಅಂತಲೇ ಹೇಳಿ ಸರ್. ಪರೀಕ್ಷೆಗೆ ಅಷ್ಟು ಸಾಕು.

ಬೀದರ್ ಕೋಟೆ
ಪರೀಕ್ಷೆಗೆ ಸಾಕು ಅನ್ನೋದಾದರೆ ಮಾಸ್ತರರು ಇಲ್ಲಿ ಕೇಳುತ್ತಿರಲಿಲ್ಲ. 98.8 ಹಳೇ ಲೆಕ್ಕ. 2025ರಲ್ಲಿ ವಾನರಗಳ (ಚಿಂಪಾಂಜಿ, ಗೊರಿಲ್ಲಾದಂಥ ಬಾಲವಿಲ್ಲದವು) ಪೂರ್ತಿ ಜೀನೋಮ್, ಅಂದರೆ ಡಿಎನ್‌ಎ ಎಲ್ಲ, ಪ್ರಕಟವಾಯಿತು. ಅದರಲ್ಲಿ ಶೇ 12ರಿಂದ 27ರಷ್ಟು ಭಾಗವನ್ನು ಒಂದಕ್ಕೊಂದು ಸರಳವಾಗಿ ಹೊಂದಿಸಿ ನೋಡೋಕೇ ಆಗಲ್ಲ ಅಂತ ಬಂದಿದೆ. ಇಷ್ಟು ವರ್ಷ ಜನರಿಗೆ ಹೇಳಿದ್ದು ತಪ್ಪು ಸಂಖ್ಯೆ ಅಂತಾಯಿತಲ್ಲ?

ಜೀವಶಾಸ್ತ್ರ ಎಂಎಸ್ಸಿ, ಕಲಬುರಗಿ
ತಪ್ಪು ಸಂಖ್ಯೆ ಅಲ್ಲ ಅಣ್ಣ. ಏನನ್ನು ಎಣಿಸಿದರು ಅನ್ನೋದನ್ನು ಬಿಟ್ಟು ಬರೀ ಸಂಖ್ಯೆ ಹೇಳಿದರು, ಅದೇ ತೊಂದರೆ.

ಚಿಂಪಾಂಜಿಯ ಜೀನೋಮ್ ಮೊದಲು ಪ್ರಕಟವಾಗಿದ್ದು 2005ರಲ್ಲಿ. ಅಮೆರಿಕದ ಅಟ್ಲಾಂಟಾದ ಯರ್ಕಿಸ್ ಸಂಶೋಧನಾ ಕೇಂದ್ರದಲ್ಲಿದ್ದ ಕ್ಲಿಂಟ್ ಅನ್ನೋ ಗಂಡು ಚಿಂಪಾಂಜಿಯ ರಕ್ತದಿಂದ ತೆಗೆದ ಡಿಎನ್‌ಎ ಅದು. ಡಿಎನ್‌ಎ ಅನ್ನೋದು ಎ, ಟಿ, ಜಿ, ಸಿ ಅನ್ನೋ ನಾಲ್ಕು ಅಕ್ಷರಗಳ ಉದ್ದ ಸರಣಿ, ನಮ್ಮ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಸಾಲು ಸಾಲಾಗಿ ಹೊಂದುವ ಭಾಗಗಳನ್ನು ಮಾತ್ರ ತೆಗೆದುಕೊಂಡರು. ಅದರಲ್ಲಿ ಸುಮಾರು 3.5 ಕೋಟಿ ಜಾಗಗಳಲ್ಲಿ ಒಂದೊಂದು ಅಕ್ಷರ ಬೇರೆ ಇತ್ತು. ಅದು ಶೇ 1.23. ನೂರರಲ್ಲಿ ಅದನ್ನು ಕಳೆಯಿರಿ, 98.8 ಸಿಗುತ್ತದೆ.

ಅದೇ ಪ್ರಬಂಧದಲ್ಲಿ ಇನ್ನೊಂದು ಲೆಕ್ಕವೂ ಇದೆ. ಸುಮಾರು 50 ಲಕ್ಷ ಕಡೆ ಒಂದು ತುಣುಕು ನಮ್ಮಲ್ಲಿ ಇದೆ, ಚಿಂಪಾಂಜಿಯಲ್ಲಿ ಇಲ್ಲ, ಅಥವಾ ಉಲ್ಟಾ. ಆ ತುಣುಕುಗಳ ಅಕ್ಷರಗಳನ್ನೆಲ್ಲ ಕೂಡಿದರೆ ಇನ್ನೂ ಶೇ 3ರಷ್ಟು ವ್ಯತ್ಯಾಸ. ಅದನ್ನೂ ಸೇರಿಸಿದರೆ 96. ಅಂದರೆ ನಿಮ್ಮ ವಿದ್ಯಾರ್ಥಿ ಹೇಳಿದ 96 ಕೂಡ 2005ರದ್ದೇ.

ಇನ್ನು 2025ರದ್ದು. ಚಿಂಪಾಂಜಿ, ಅದರ ಹತ್ತಿರದ ನೆಂಟ ಬೊನೊಬೊ, ಗೊರಿಲ್ಲಾ, ಎರಡು ಬಗೆಯ ಒರಾಂಗುಟಾನ್, ಜೊತೆಗೆ ಸಿಯಾಮಾಂಗ್ ಗಿಬ್ಬನ್. ಈ ಆರರ ಜೀನೋಮನ್ನು ವರ್ಣತಂತುವಿನ (ಡಿಎನ್‌ಎ ಸುತ್ತಿಕೊಂಡಿರುವ ಎಳೆ) ಈ ತುದಿಯಿಂದ ಆ ತುದಿಯವರೆಗೆ ಓದಿದರು. ಮೊದಲು ಓದಲಾಗದೆ ಬಿಟ್ಟಿದ್ದ ಭಾಗಗಳೂ ಸಿಕ್ಕವು. ಒಂದು ಉದಾಹರಣೆ ಹೇಳುತ್ತೇನೆ. ಚಿಂಪಾಂಜಿ ಮತ್ತು ಗೊರಿಲ್ಲಾದ ಎಷ್ಟೋ ವರ್ಣತಂತುಗಳ ತುದಿ ಹತ್ತಿರ 32 ಅಕ್ಷರಗಳ ಒಂದೇ ತುಣುಕು ಸಾವಿರಾರು ಸಲ ಬರುತ್ತಲೇ ಹೋಗುತ್ತದೆ. ನಮ್ಮಲ್ಲಿ ಅದು ಇಲ್ಲವೇ ಇಲ್ಲ. ಇಂಥ ಭಾಗವನ್ನು ಯಾವುದರ ಪಕ್ಕ ಇಟ್ಟು ಹೋಲಿಸೋದು? 12ರಿಂದ 27 ಅನ್ನೋ ಲೆಕ್ಕದಲ್ಲಿ ಇವೆಲ್ಲ ಬರುತ್ತವೆ, ಇದನ್ನು ನೂರರಲ್ಲಿ ಕಳೆದೇ ವಿಡಿಯೋದವರು 85 ಅನ್ನೋದು. ಹೊಂದುವ ಭಾಗದಲ್ಲಿ ಅಕ್ಷರಗಳ ವ್ಯತ್ಯಾಸ ಈಗಲೂ ಶೇ 1ರಿಂದ 2ರ ಒಳಗೇ ಇದೆ.

ನಿವೃತ್ತ ತಲಾಟಿ
ಎಂಎಸ್ಸಿ ತಂಗಿ ಹೇಳಿದ್ದು ನನಗೆ ನಮ್ಮ ಕೆಲಸದ ರೀತಿಯಲ್ಲಿ ಅರ್ಥ ಆಯಿತು, ಮಾಸ್ತರರಿಗೂ ಉಪಯೋಗ ಆಗಬಹುದು. ನಿಜಾಮರ ಕಾಲದ ಒಂದು ಪಹಣಿ ಪುಸ್ತಕವನ್ನು ಇಬ್ಬರು ಕೈಯಲ್ಲಿ ನಕಲು ಮಾಡಿದ್ದಾರೆ ಅಂದುಕೊಳ್ಳಿ. ಒಂದೇ ಸರ್ವೆ ನಂಬರಿನ ಸಾಲನ್ನು ಎರಡರಲ್ಲೂ ಇಟ್ಟು ನೋಡಿದರೆ ಅಲ್ಲೊಂದು ಇಲ್ಲೊಂದು ಅಕ್ಷರ ಬೇರೆ. ಆದರೆ ಒಬ್ಬ ಒಂದು ಹಾಳೆಯನ್ನು ಎರಡು ಸಲ ಬರೆದಿದ್ದಾನೆ, ಇನ್ನೊಬ್ಬ ನಾಲ್ಕು ಹಾಳೆ ಬಿಟ್ಟಿದ್ದಾನೆ. ಆ ಹಾಳೆಗಳನ್ನು ತಪ್ಪಿನ ಲೆಕ್ಕಕ್ಕೆ ಹಿಡಿಯೋದಾ ಬಿಡೋದಾ? ಹಿಡಿದರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು. ಆದರೆ ಎರಡೂ ಒಂದೇ ಮೂಲದ ನಕಲು ಅನ್ನೋದರಲ್ಲಿ ಯಾರಿಗೂ ಅನುಮಾನ ಬರಲ್ಲ.

ವಿಜ್ಞಾನ ಮಾಸ್ತರ, ಶಹಾಪುರ
ಕಾಕಾ, ಇದನ್ನು ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ. ನಮ್ಮ ಮಕ್ಕಳ ಮನೆಯಲ್ಲಿ ಪಹಣಿ ನೋಡದವರು ಇಲ್ಲ.

ಬೀದರ್ ಕೋಟೆ
ಹೋಲಿಕೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ಮೂರು ಲೆಕ್ಕ ಇದ್ದಾಗ ದೊಡ್ಡ ಸಂಖ್ಯೆಯನ್ನೇ ಯಾಕೆ ಎಲ್ಲ ಕಡೆ ಹಾಕಿದರು? ಹೊಂದದ ಭಾಗ ಬಿಟ್ಟು ಹೊಂದುವ ಭಾಗದಲ್ಲಿ ಮಾತ್ರ ಸಾಮ್ಯ ಎಣಿಸಿದರೆ ಸಾಮ್ಯ ಜಾಸ್ತಿ ಬರದೆ ಇನ್ನೇನು?

ಜೀವಶಾಸ್ತ್ರ ಎಂಎಸ್ಸಿ, ಕಲಬುರಗಿ
ನ್ಯಾಯವಾದ ಪ್ರಶ್ನೆ. ಒಂದು ಕಾರಣ ಇತಿಹಾಸ. ಜೀನೋಮ್ ಓದುವ ಯಂತ್ರ ಬರೋಕೆ ಮುಂಚೆಯೇ, 1975ರಲ್ಲಿ ಮೇರಿ-ಕ್ಲೇರ್ ಕಿಂಗ್ ಮತ್ತು ಅಲನ್ ವಿಲ್ಸನ್ ಅನ್ನೋ ವಿಜ್ಞಾನಿಗಳು ರಕ್ತದಲ್ಲಿರುವ ಪ್ರೋಟೀನುಗಳನ್ನು ಹೋಲಿಸಿ, ಮನುಷ್ಯ ಮತ್ತು ಚಿಂಪಾಂಜಿಯ ಪ್ರೋಟೀನು ಸರಾಸರಿ ಶೇ 99ಕ್ಕಿಂತ ಜಾಸ್ತಿ ಒಂದೇ ಅಂತ ತೋರಿಸಿದರು. ಆ 99 ಜನರ ಬಾಯಲ್ಲಿ ಕೂತುಬಿಟ್ಟಿತು.

ಎರಡನೇ ಕಾರಣ, ವಂಶವೃಕ್ಷ ಕಟ್ಟೋಕೆ ಅಕ್ಷರ ವ್ಯತ್ಯಾಸವೇ ಅನುಕೂಲ. ಅದು ಕಾಲ ಕಳೆದ ಹಾಗೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸೇರುತ್ತಾ ಹೋಗುತ್ತದೆ. ಚಿಂಪಾಂಜಿ ಜೊತೆ ಸುಮಾರು ಶೇ 1.2, ಗೊರಿಲ್ಲಾ ಜೊತೆ 1.6ರ ಆಸುಪಾಸು, ಒರಾಂಗುಟಾನ್ ಜೊತೆ 3ರ ಆಸುಪಾಸು. ಈ ಕ್ರಮ ನೋಡಿದರೆ ಯಾರು ಯಾವಾಗ ಬೇರೆಯಾದರು ಅಂತ ಗೊತ್ತಾಗುತ್ತದೆ. ತುಣುಕುಗಳ ಲೆಕ್ಕ ಹಾಗಲ್ಲ. ಒಂದೇ ಸಲಕ್ಕೆ ಲಕ್ಷ ಅಕ್ಷರ ಸೇರಿಬಿಡಬಹುದು, ಹೋಗಿಬಿಡಬಹುದು. ಪೂರ್ತಿ ಜೀನೋಮಿನ ಲೆಕ್ಕವನ್ನು ಇಬ್ಬರು ಮನುಷ್ಯರಿಗೆ ಹಾಕಿದರೂ ಸಾಮಾನ್ಯವಾಗಿ ಹೇಳುವ 99.9 ಬರಲ್ಲ, ಕಡಿಮೆಯೇ ಬರುತ್ತದೆ. ಅದಕ್ಕೆ ಚಿಂಪಾಂಜಿಗೆ ಒಂದು ಅಳತೆ, ಮನುಷ್ಯರಿಗೆ ಇನ್ನೊಂದು ಅಳತೆ ಹಿಡಿಯಬಾರದು. ಆ ವಿಡಿಯೋಗಳು ಮಾಡುತ್ತಿರೋದು ಅದನ್ನೇ.

ಬೀದರ್ ಕೋಟೆ
ಹಾಗಾದರೆ ಪುಸ್ತಕದಲ್ಲಿ "ಹೊಂದುವ ಭಾಗದಲ್ಲಿ" ಅಂತ ಎರಡು ಪದ ಸೇರಿಸಲಿ. ನಾನು ಕೇಳೋದು ಅಷ್ಟೇ.

ಲ್ಯಾಬ್ ಅಕ್ಕ
ಸೇರಿಸಲೇಬೇಕು, ನಾನೂ ಒಪ್ಪುತ್ತೇನೆ.

ಮಾಸ್ತರ್ರೇ, ಆ ಹುಡುಗಿಯ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. 98.8 ಅಂದಾಗ ಹೊಂದುವ ಭಾಗದ ಎಲ್ಲ ಅಕ್ಷರಗಳನ್ನೂ ಎಣಿಸುತ್ತೇವೆ. ಆ ಅಳತೆಯಲ್ಲಿ ಅವಳಿಗೂ ಅವಳ ತಮ್ಮನಿಗೂ ಶೇ 99.9ಕ್ಕಿಂತ ಜಾಸ್ತಿ ಸಾಮ್ಯ. ಸಂಬಂಧವೇ ಇಲ್ಲದ ಇಬ್ಬರು ಮನುಷ್ಯರ ನಡುವೆಯೂ ವ್ಯತ್ಯಾಸ ಸುಮಾರು ಶೇ 0.1, ಅಂದರೆ 30 ಲಕ್ಷ ಅಕ್ಷರ. ಅಕ್ಕ ತಮ್ಮ ಶೇ 50 ಅನ್ನೋದು ಬೇರೆ ಲೆಕ್ಕ. ಅಪ್ಪನ ಹತ್ತಿರ ಪ್ರತಿ ವರ್ಣತಂತುವಿನ ಎರಡು ಪ್ರತಿ ಇವೆ, ಅಮ್ಮನ ಹತ್ತಿರ ಎರಡು. ಅಕ್ಕನಿಗೆ ಬಂದ ಅದೇ ಪ್ರತಿ ತಮ್ಮನಿಗೂ ಬರುವ ಸಾಧ್ಯತೆ ಸರಾಸರಿ ಅರ್ಧ. ಆ ಅರ್ಧವೇ 50. ಬರದೇ ಇದ್ದ ಭಾಗದಲ್ಲೂ ಅಕ್ಷರಗಳು ಬಹುತೇಕ ಒಂದೇ ಇರುತ್ತವೆ, ಯಾಕೆಂದರೆ ಇಬ್ಬರೂ ಮನುಷ್ಯರು. ಅವಳಿಗೆ ತಮ್ಮನೇ ಹತ್ತಿರ ಅಂತ ಧೈರ್ಯವಾಗಿ ಹೇಳಿ. ಮತ್ತೆ ಇಂಥ ಪ್ರಶ್ನೆ ಕೇಳಿದ್ದಕ್ಕೆ ಅವಳನ್ನು ಮೆಚ್ಚಿಕೊಳ್ಳಿ, ಅದು ತುಂಬಾ ಮುಖ್ಯ.

ಶರಣು ಶರಣಾರ್ಥಿ
ಎಲ್ಲ ಸರಿ. ಆದರೆ ನಾವು ಮಂಗನಿಂದ ಬಂದೆವು ಅನ್ನೋದನ್ನು ನನ್ನ ಮನಸ್ಸು ಒಪ್ಪಲ್ಲ. ಹನುಮಪ್ಪನ ಗುಡಿ ಮುಂದೆ ದಿನಾ ಮಂಗಗಳನ್ನು ನೋಡುತ್ತೇನೆ. ನನ್ನ ಅಜ್ಜನ ಕಾಲದಲ್ಲೂ ಅವು ಮಂಗಗಳೇ, ಈಗಲೂ ಮಂಗಗಳೇ. ಒಂದಾದರೂ ಬದಲಾಗಿದ್ದು ಯಾರಾದರೂ ನೋಡಿದ್ದೀರಾ?

ಜೀವಶಾಸ್ತ್ರ ಎಂಎಸ್ಸಿ, ಕಲಬುರಗಿ
ಶರಣಾರ್ಥಿ ಅಣ್ಣಾವ್ರೇ. ಗುಡಿ ಮುಂದಿನ ಮಂಗ ಮನುಷ್ಯ ಆಗುತ್ತದೆ ಅಂತ ಯಾವ ವಿಜ್ಞಾನಿಯೂ ಹೇಳಿಲ್ಲ. ಈಗಿನ ಚಿಂಪಾಂಜಿಯಿಂದ ನಾವು ಬಂದೆವು ಅಂತಲೂ ಹೇಳಿಲ್ಲ. ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಒಂದು ಜೀವಿ ಇತ್ತು. ಅದು ಚಿಂಪಾಂಜಿಯೂ ಅಲ್ಲ, ಮನುಷ್ಯನೂ ಅಲ್ಲ. ಅದರ ಒಂದು ಕವಲು ಚಿಂಪಾಂಜಿ ಮತ್ತು ಬೊನೊಬೊ ಆಯಿತು, ಇನ್ನೊಂದು ಕವಲು ನಾವು. ಅವರೂ ಅಷ್ಟೇ ವರ್ಷ ಬದಲಾಗುತ್ತಾ ಬಂದಿದ್ದಾರೆ.

ಗುಡಿ ಮುಂದಿನ ಮಂಗಗಳು ಇನ್ನೂ ದೂರದವು. ಅವುಗಳಿಗೆ ಬಾಲ ಇದೆ ನೋಡಿ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಗಿಬ್ಬನ್, ನಾವು, ಯಾರಿಗೂ ಬಾಲ ಇಲ್ಲ. ಸುಮಾರು 2.5 ಕೋಟಿ ವರ್ಷಗಳ ಹಿಂದೆ ಟಿಬಿಎಕ್ಸ್‌ಟಿ ಅನ್ನೋ ಜೀನಿನ ನಡುವೆ ಸುಮಾರು 300 ಅಕ್ಷರಗಳ ಒಂದು ತುಣುಕು ಬಂದು ಕೂತಿತು. ಬಾಲ ಹೋಗಲು ಅದೂ ಕಾರಣ ಅಂತ 2024ರಲ್ಲಿ ತೋರಿಸಿದರು. ಇಲಿಗಳಲ್ಲಿ ಅದೇ ಪರಿಣಾಮ ಬರುವಂತೆ ಜೀನನ್ನು ಬದಲಿಸಿದಾಗ ಕೆಲವು ಮರಿ ಬಾಲವಿಲ್ಲದೆ ಹುಟ್ಟಿದವು, ಕೆಲವಕ್ಕೆ ಮೋಟು ಬಾಲ. ಆ ತುಣುಕು ಎಲ್ಲ ವಾನರಗಳಲ್ಲೂ ಅದೇ ಜಾಗದಲ್ಲಿದೆ. ಬಾಲ ಇರುವ ಮಂಗಗಳಲ್ಲಿ ಇಲ್ಲ.

ಶರಣು ಶರಣಾರ್ಥಿ
ಮಂಗನಿಂದ ಅಲ್ಲ, ಒಂದೇ ಮೂಲದಿಂದ ಅಂತ ಹೇಳಿದರೆ ಕೇಳೋಕೆ ಆಗುತ್ತದೆ. ಯೋಚನೆ ಮಾಡುತ್ತೇನೆ.

ಸೇಡಂ ರೈತ
ವಿಷಯ ಬೇರೆ ಕಡೆ ಹೋದರೆ ಕ್ಷಮೆ ಇರಲಿ. ನಮ್ಮ ಹೊಲಕ್ಕೆ ಬರೋದು ಎರಡು ಬಗೆ. ಕೆಂಪು ಮೂತಿಯವು ಗಲ್ಲದ ಚೀಲದಲ್ಲಿ ಕಾಳು ತುಂಬಿಕೊಂಡು ಓಡುತ್ತವೆ. ಕರಿ ಮೂತಿ, ಉದ್ದ ಬಾಲದ ಮುಸಿಯಗಳು ತೊಗರಿ ಗಿಡದಲ್ಲೇ ಕೂತು ಎಲೆ, ಹೂ, ಕಾಯಿ ಎಲ್ಲ ತಿನ್ನುತ್ತವೆ. ಬರೀ ಎಲೆ ತಿಂದು ಇಷ್ಟು ದೊಡ್ಡ ಮೈ ಹೇಗೆ ಬೆಳೆಯುತ್ತದೆ? ನಾವು ತಿಂದರೆ ಹೊಟ್ಟೆ ಕೆಡುತ್ತದೆ.

ಜೀವಶಾಸ್ತ್ರ ಎಂಎಸ್ಸಿ, ಕಲಬುರಗಿ
ಕಾಕಾ, ಇದು ವಿಷಯದಿಂದ ಹೊರಗಿನದ್ದಲ್ಲ, ನನಗೆ ಬಹಳ ಇಷ್ಟದ ಉದಾಹರಣೆ. ಮುಸಿಯದ ಹೊಟ್ಟೆ ಹಸುವಿನ ಹೊಟ್ಟೆಯಂತೆ ಕೋಣೆ ಕೋಣೆಯಾಗಿರುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಎಲೆಯನ್ನು ಕೊಳೆಸುತ್ತವೆ. ಆಮೇಲೆ ಆ ಬ್ಯಾಕ್ಟೀರಿಯಾಗಳನ್ನೇ ಒಡೆದು ಜೀರ್ಣಿಸಿಕೊಳ್ಳಬೇಕು. ಆ ಕೆಲಸಕ್ಕೆ ಲೈಸೊಜೈಮ್ ಅನ್ನೋ ಪ್ರೋಟೀನು ಬಳಕೆಯಾಗುತ್ತದೆ. ಅದು ನಮ್ಮ ಕಣ್ಣೀರಿನಲ್ಲೂ ಇದೆ. 1987ರಲ್ಲಿ ನಮ್ಮ ದೇಶದ ಮುಸಿಯದ ಲೈಸೊಜೈಮ್ ಓದಿದಾಗ, ಕೆಲವು ಜಾಗಗಳಲ್ಲಿ ಅದು ಬಬೂನ್ ಅನ್ನೋ ಇನ್ನೊಂದು ಮಂಗದ್ದಕ್ಕಿಂತ ಹಸುವಿನದಕ್ಕೆ ಹತ್ತಿರ ಕಂಡಿತು. ಹಸುವಿಗೂ ಮುಸಿಯಕ್ಕೂ ಹತ್ತಿರದ ನೆಂಟಸ್ತನ ಇಲ್ಲ. ಒಂದೇ ಕೆಲಸ ಮಾಡಬೇಕಾದಾಗ ಎರಡರಲ್ಲೂ ಬೇರೆ ಬೇರೆಯಾಗಿ ಒಂದೇ ಬಗೆಯ ಬದಲಾವಣೆ ಆಗಿದೆ. ಅದಕ್ಕೇ ಒಂದೇ ಜೀನ್ ನೋಡಿ ನೆಂಟಸ್ತನ ತೀರ್ಮಾನ ಮಾಡಬಾರದು ಅಂತ ನಮಗೆ ಮೊದಲ ವರ್ಷವೇ ಕಲಿಸುತ್ತಾರೆ.

ಸೇಡಂ ರೈತ
ಹಸು, ಮುಸಿಯ ಎರಡೂ ಕೂಡಿ ನನ್ನ ತೊಗರಿ ತಿಂದವು ಅಂತಾಯಿತು. ಅವುಗಳನ್ನು ಹೊಡೆಯದೆ ಓಡಿಸುವ ದಾರಿ ಗೊತ್ತಿದ್ದವರು ಬೇರೆ ಕಡೆ ಬರೆಯಿರಿ. ಪಟಾಕಿಗೆ ಈಗ ಹೆದರುತ್ತಿಲ್ಲ.

ಲ್ಯಾಬ್ ಅಕ್ಕ
ನಾನು ಕಲಬುರಗಿಯ ಒಂದು ಲ್ಯಾಬಿನಲ್ಲಿ ವರ್ಣತಂತು ಪರೀಕ್ಷೆ ಮಾಡುತ್ತೇನೆ. ಮಕ್ಕಳಿಗೆ ತೋರಿಸೋಕೆ ಅತ್ಯಂತ ಒಳ್ಳೆ ಸಾಕ್ಷಿ ವರ್ಣತಂತು 2 ಅನ್ನೋದು ನನ್ನ ಅಭಿಪ್ರಾಯ. ಸಂಖ್ಯೆಗಳ ಜಗಳವೇ ಬೇಡ, ಕಣ್ಣಲ್ಲೇ ಕಾಣುತ್ತದೆ.

ಪರೀಕ್ಷೆ ಹೇಗೆ ಮಾಡುತ್ತೇವೆ ಅಂತ ಮೊದಲು ಹೇಳುತ್ತೇನೆ. ರಕ್ತದ ಬಿಳಿ ಕಣಗಳನ್ನು 37 ಡಿಗ್ರಿಯಲ್ಲಿ 72 ಗಂಟೆ ಬೆಳೆಸುತ್ತೇವೆ. ಅವು ಎರಡಾಗಿ ಒಡೆಯುವ ಹೊತ್ತಿಗೆ ಔಷಧಿ ಹಾಕಿ ಅಲ್ಲೇ ನಿಲ್ಲಿಸುತ್ತೇವೆ, ಆಗ ವರ್ಣತಂತುಗಳು ದಪ್ಪಗೆ ಮುದುಡಿಕೊಂಡಿರುತ್ತವೆ. ಉಪ್ಪಿನಂಶ ಕಡಿಮೆ ಇರುವ ದ್ರಾವಣ ಹಾಕಿದರೆ ಕಣ ಉಬ್ಬುತ್ತದೆ. ಒಂದು ಹನಿಯನ್ನು ಮೇಲಿಂದ ಗಾಜಿನ ಸ್ಲೈಡ್ ಮೇಲೆ ಬಿಡುತ್ತೇವೆ. ಕಣ ಒಡೆದು ವರ್ಣತಂತುಗಳು ಹರಡಿಕೊಳ್ಳುತ್ತವೆ. ಟ್ರಿಪ್ಸಿನ್‌ನಲ್ಲಿ ಕೆಲವೇ ಸೆಕೆಂಡು ಅದ್ದಿ, ಜೀಮ್ಸಾ ಬಣ್ಣ ಹಾಕಿದರೆ ಪ್ರತಿಯೊಂದರ ಮೇಲೂ ಕಪ್ಪು ಬಿಳಿ ಪಟ್ಟಿ ಮೂಡುತ್ತವೆ. ಟ್ರಿಪ್ಸಿನ್ ಸ್ವಲ್ಪ ಜಾಸ್ತಿಯಾದರೂ ಪಟ್ಟಿ ಹಾಳು. ಆಮೇಲೆ ಪಟ್ಟಿ ನೋಡಿ ಜೋಡಿ ಮಾಡಿ ಸಾಲಾಗಿ ಜೋಡಿಸುತ್ತೇವೆ. ನಮಗೆ 46, ಅಂದರೆ 23 ಜೋಡಿ.

ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಮೂರಕ್ಕೂ 48. ನಮ್ಮ ಎರಡನೇ ವರ್ಣತಂತುವಿನ ಪಟ್ಟಿಗಳನ್ನು ಅವುಗಳ ಪಕ್ಕ ಇಟ್ಟರೆ, ಮೇಲಿನ ಭಾಗ ಅವುಗಳ ಒಂದು ವರ್ಣತಂತುವಿಗೆ ಹೊಂದುತ್ತದೆ, ಕೆಳಗಿನ ಭಾಗ ಇನ್ನೊಂದಕ್ಕೆ. 1982ರಲ್ಲೇ ನಾಲ್ಕನ್ನೂ ಅಕ್ಕಪಕ್ಕ ಇಟ್ಟ ಚಿತ್ರ ಪ್ರಕಟವಾಗಿದೆ. ವರ್ಣತಂತುಗಳ ತುದಿಯಲ್ಲಿ ಮಾತ್ರ ಇರಬೇಕಾದ ಟಿಟಿಎಜಿಜಿಜಿ ಅನ್ನೋ ಅಕ್ಷರಗಳ ಸರಣಿ ನಮ್ಮ ಎರಡನೇ ವರ್ಣತಂತುವಿನ ನಡುವೆ ಎದುರುಬದುರಾಗಿ ಸಿಕ್ಕಿದ್ದು 1991ರಲ್ಲಿ. ಎರಡು ತುದಿ ಅಲ್ಲಿ ಕೂಡಿಕೊಂಡಿವೆ. ಕೆಲಸ ನಿಂತುಹೋದ ಒಂದು ಹೆಚ್ಚುವರಿ ಸೆಂಟ್ರೊಮಿಯರ್ (ಪ್ರತಿ ವರ್ಣತಂತುವಿಗೆ ಒಂದೇ ಇರುವ ಸೊಂಟದಂಥ ಜಾಗ) ಗುರುತೂ ಅಲ್ಲೇ ಕೆಳಗಿದೆ.

ತೊಗರಿ ಕಣಜ
ಇದು ನಿಜಕ್ಕೂ ಗೊತ್ತಿರಲಿಲ್ಲ. ಆದರೆ ಅಕ್ಕ, ಒಬ್ಬರಿಗೆ 48, ಇನ್ನೊಬ್ಬರಿಗೆ 47 ಆದರೆ ಮಕ್ಕಳು ಹೇಗೆ ಆಗುತ್ತಾರೆ? ಡೌನ್ ಸಿಂಡ್ರೋಮಿನಲ್ಲಿ ಒಂದೇ ಒಂದು ಜಾಸ್ತಿ ಆದರೂ ಎಷ್ಟು ತೊಂದರೆ ಆಗುತ್ತದೆ.

ಲ್ಯಾಬ್ ಅಕ್ಕ
ಡೌನ್ ಸಿಂಡ್ರೋಮಿನಲ್ಲಿ ಜೀನುಗಳೇ ಒಂದು ಪ್ರತಿ ಜಾಸ್ತಿ ಆಗುತ್ತವೆ. ಎರಡು ವರ್ಣತಂತು ಅಂಟಿಕೊಂಡರೆ ಎಣಿಕೆ ಕಡಿಮೆ ಆಗುತ್ತದೆ, ಜೀನುಗಳು ಬಹುತೇಕ ಅಷ್ಟೇ ಇರುತ್ತವೆ. ಇದು ಈಗಲೂ ನಡೆಯುತ್ತದೆ. ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ ಎರಡು ವರ್ಣತಂತು ಕೂಡಿಕೊಂಡು 45 ಇರುತ್ತವೆ. ಆರೋಗ್ಯವಾಗಿಯೇ ಇರುತ್ತಾರೆ, ಅವರಿಗೇ ಗೊತ್ತಿರಲ್ಲ. ಮೇಲಿಂದ ಮೇಲೆ ಗರ್ಭ ನಿಲ್ಲದ ದಂಪತಿಗಳನ್ನು ವೈದ್ಯರು ನಮ್ಮ ಹತ್ತಿರ ಕಳಿಸಿದಾಗ ಕೆಲವೊಮ್ಮೆ ಇದು ಸಿಗುತ್ತದೆ. ಅವರಲ್ಲೂ ಎಷ್ಟೋ ಜನರಿಗೆ ಮುಂದೆ ಆರೋಗ್ಯವಂತ ಮಕ್ಕಳಾಗಿದ್ದಾರೆ. ಇಂಥ ವರದಿ ಬಂದಾಗ ಹೆಂಡತಿಯದ್ದೇ ದೋಷ ಅಂತ ಮನೆಯವರು ಮಾತಾಡೋದನ್ನು ಕೇಳಿದ್ದೇನೆ. ಅದು ಗಂಡನಿಂದಲೂ ಬಂದಿರಬಹುದು, ದೋಷ ಯಾರದ್ದೂ ಅಲ್ಲ. ಇಲ್ಲಿ ಓದುವವರು ದಯವಿಟ್ಟು ಇದನ್ನು ನೆನಪಿಡಿ.

ಚಿಂಚೋಳಿ ಮಗಳು
ಅಕ್ಕ ಕೊನೆಯಲ್ಲಿ ಬರೆದಿದ್ದಕ್ಕೆ ಕೈಮುಗಿಯುತ್ತೇನೆ. ನಮ್ಮ ಮನೆಯಲ್ಲಿ ಈ ಮಾತು ಯಾರಾದರೂ ಮೊದಲೇ ಹೇಳಬೇಕಿತ್ತು.

ಬೀದರ್ ಕೋಟೆ
ಇಷ್ಟೆಲ್ಲ ಸಾಮ್ಯ ಆಯಿತು. ವ್ಯತ್ಯಾಸದ ಬಗ್ಗೆ ಯಾರೂ ಹೇಳುತ್ತಿಲ್ಲ. ಚಿಂಪಾಂಜಿ ಮಿದುಳು ಸುಮಾರು 400 ಮಿಲಿಲೀಟರ್, ನಮ್ಮದು 1,350ರ ಹತ್ತಿರ. ಮಾತು, ಬರಹ, ಈ ಚರ್ಚೆ, ಎಲ್ಲ ಆ ಶೇ 1.2ರಲ್ಲಿ ಇದೆಯಾ? ಮನುಷ್ಯನನ್ನು ಮಾಡಿದ ಜೀನ್ ಯಾವುದು?

ಜೀವಶಾಸ್ತ್ರ ಎಂಎಸ್ಸಿ, ಕಲಬುರಗಿ
ಒಂದೇ ಜೀನ್ ಅಂತ ಇಲ್ಲ. ಫಾಕ್ಸ್‌ಪಿ2 ಅನ್ನೋದನ್ನು ಮಾತಿನ ಜೀನ್ ಅಂತ ಪತ್ರಿಕೆಗಳು ಬರೆದವು. ಲಂಡನ್ನಿನ ಒಂದು ಕುಟುಂಬದಲ್ಲಿ ಆ ಜೀನ್ ಕೆಟ್ಟು ಮೂರು ತಲೆಮಾರಿನಲ್ಲಿ ಅನೇಕರಿಗೆ ಮಾತು ಕಷ್ಟವಾಗಿತ್ತು. ಅದರ ಪ್ರೋಟೀನಿನಲ್ಲಿ ನಮಗೂ ಚಿಂಪಾಂಜಿಗೂ ಎರಡೇ ಕಡೆ ವ್ಯತ್ಯಾಸ. ಆದರೆ ನಿಯಾಂಡರ್ತಾಲರಲ್ಲೂ (ಈಗ ಅಳಿದುಹೋದ, ನಮ್ಮ ಹತ್ತಿರದ ನೆಂಟರಾದ ಹಳೇ ಮನುಷ್ಯರು) ನಮ್ಮದೇ ರೂಪ ಇತ್ತು. ಮಾತಿಗೆ ಅದು ಬೇಕು, ಅದೊಂದರಿಂದಲೇ ಮಾತು ಬರಲ್ಲ.

ಪ್ರೋಟೀನು ಬದಲಾದದ್ದಕ್ಕಿಂತ ಯಾವ ಜೀನ್ ಯಾವಾಗ, ಎಲ್ಲಿ, ಎಷ್ಟು ಕೆಲಸ ಮಾಡುತ್ತದೆ ಅನ್ನೋದು ಬದಲಾದದ್ದೇ ಮುಖ್ಯ ಇರಬೇಕು ಅಂತ ಕಿಂಗ್ ಮತ್ತು ವಿಲ್ಸನ್ 1975ರಲ್ಲೇ ಹೇಳಿದ್ದರು. ಆಮೇಲೆ ಸಿಕ್ಕ ಒಂದು ಸಾಕ್ಷಿ ನೋಡಿ. ಎಚ್‌ಎಆರ್1 ಅಂತ 118 ಅಕ್ಷರಗಳ ಒಂದು ಸಣ್ಣ ಭಾಗ. ಕೋಳಿಗೂ ಚಿಂಪಾಂಜಿಗೂ ಅಲ್ಲಿ ಎರಡೇ ಅಕ್ಷರ ವ್ಯತ್ಯಾಸ. ಕೋಳಿಯೂ ಚಿಂಪಾಂಜಿಯೂ ಬೇರೆಯಾಗಿ 30 ಕೋಟಿ ವರ್ಷ ಆಗಿದೆ! ಚಿಂಪಾಂಜಿಗೂ ನಮಗೂ ಮಾತ್ರ 18 ಅಕ್ಷರ ವ್ಯತ್ಯಾಸ. ಅಷ್ಟು ಕಾಲ ಹೆಚ್ಚುಕಡಿಮೆ ಹಾಗೇ ಇದ್ದದ್ದು ನಮ್ಮ ಕವಲಿನಲ್ಲಿ ಬೇಗ ಬೇಗ ಬದಲಾಗಿದೆ. ಹೊಟ್ಟೆಯಲ್ಲಿರುವ ಶಿಶುವಿನ ಮಿದುಳು ಬೆಳೆಯುವ ಹೊತ್ತಿಗೆ ಆ ಭಾಗ ಕೆಲಸ ಮಾಡುತ್ತದೆ. ಇದನ್ನು 2006ರಲ್ಲಿ ಕ್ಯಾಥರೀನ್ ಪೊಲ್ಲಾರ್ಡ್ ಮತ್ತು ಜೊತೆಗಾರರು ಪ್ರಕಟಿಸಿದರು.

ಇನ್ನು ತಲಾಟಿ ಕಾಕಾ ಹೇಳಿದ ಎರಡು ಸಲ ಬರೆದ ಹಾಳೆ ಇದೆಯಲ್ಲ, ಅದೇ ಬಹಳ ಮುಖ್ಯ. 98.8 ಎಣಿಸುವಾಗ ಬಿಟ್ಟ ಭಾಗದಲ್ಲಿ ಅವು ಇವೆ. ಎಆರ್‌ಎಚ್‌ಜಿಎಪಿ11ಬಿ ಅಂತ ಒಂದು ಜೀನ್, ಸುಮಾರು 50 ಲಕ್ಷ ವರ್ಷಗಳ ಹಿಂದೆ ಬೇರೊಂದು ಜೀನಿನ ಅರ್ಧ ನಕಲಾಗಿ ಹುಟ್ಟಿದ್ದು. ಚಿಂಪಾಂಜಿಯಲ್ಲಿ ಇಲ್ಲ. 2020ರಲ್ಲಿ ಅದನ್ನು ಮಾರ್ಮೊಸೆಟ್ ಅನ್ನೋ ಪುಟ್ಟ ಮಂಗದ ಭ್ರೂಣಕ್ಕೆ ಸೇರಿಸಿದಾಗ ಮಿದುಳಿನ ಹೊರಪದರ ದೊಡ್ಡದಾಯಿತು. ಅದಕ್ಕೇ ಬೀದರ್ ಅಣ್ಣನ ಕೋಪದಲ್ಲಿ ಅರ್ಥ ಇದೆ ಅಂತ ನನಗೆ ಅನಿಸುತ್ತದೆ. ಬರೀ 98.8 ಹೇಳಿ ಮುಗಿಸಿದರೆ ಇಂಥ ವಿಷಯ ಮಕ್ಕಳಿಗೆ ತಲುಪೋದೇ ಇಲ್ಲ.

ರೊಟ್ಟಿ ಪಲ್ಯ
ನನಗೆ ಗೊತ್ತಿರೋದು ಊಟದ್ದು, ಅದನ್ನು ಹೇಳುತ್ತೇನೆ. ಬಿಸಿ ಜೋಳದ ರೊಟ್ಟಿಯ ಒಂದು ತುತ್ತನ್ನು ಪಲ್ಯ ಇಲ್ಲದೆ ಬಾಯಲ್ಲಿ ಇಟ್ಟು ನುಂಗದೆ ಅಗಿಯುತ್ತಾ ಇರಿ. ಸ್ವಲ್ಪ ಹೊತ್ತಿಗೆ ಸಿಹಿ ಆಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಪಿಷ್ಟವನ್ನು ಸಕ್ಕರೆಯಾಗಿ ಒಡೆಯೋದರಿಂದ ಹಾಗೆ. ಆ ಅಮೈಲೇಸ್ ಮಾಡುವ ಜೀನ್ ಚಿಂಪಾಂಜಿಗೆ ಎರಡೇ ಪ್ರತಿ, ಅಪ್ಪನಿಂದ ಒಂದು ಅಮ್ಮನಿಂದ ಒಂದು. ಮನುಷ್ಯರಲ್ಲಿ ಸಾಮಾನ್ಯವಾಗಿ ಜಾಸ್ತಿ, ಸರಾಸರಿ ಆರರ ಆಸುಪಾಸು, ಕೆಲವರಲ್ಲಿ ಹತ್ತಕ್ಕೂ ಮೇಲೆ. ಧಾನ್ಯ, ಗೆಡ್ಡೆ ಜಾಸ್ತಿ ತಿನ್ನುವ ಜನಾಂಗಗಳಲ್ಲಿ ಸರಾಸರಿ ಇನ್ನೂ ಜಾಸ್ತಿ ಅಂತ 2007ರಲ್ಲಿ ತೋರಿಸಿದ್ದಾರೆ. ಚಿಂಪಾಂಜಿಯ ಊಟ ಮುಖ್ಯವಾಗಿ ಹಣ್ಣು, ಅದಕ್ಕೆ ಇಷ್ಟು ಬೇಕಾಗಲ್ಲ. ಮಾಸ್ತರರು ಮಧ್ಯಾಹ್ನದ ಊಟದ ಹೊತ್ತಿಗೆ ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಬಹುದು.

ವಿಜ್ಞಾನ ಮಾಸ್ತರ, ಶಹಾಪುರ
ಇದು ಬಹಳ ಚೆನ್ನಾಗಿದೆ. ಅನ್ನದಲ್ಲೂ ಆಗುತ್ತಾ ಅಕ್ಕಾವ್ರೇ?

ರೊಟ್ಟಿ ಪಲ್ಯ
ಆಗುತ್ತದೆ. ಸಾರು ಕಲಸಿರಬಾರದು, ಅಷ್ಟೇ.

ಆಳಂದ ಅಳಿಯ
ಇಷ್ಟು ಹತ್ತಿರ ಅಂದರೆ ಚಿಂಪಾಂಜಿ ರಕ್ತ ನಮಗೆ ಕೊಡಬಹುದಾ? ಕಿಡ್ನಿ?

ಲ್ಯಾಬ್ ಅಕ್ಕ
ಚಿಂಪಾಂಜಿಗಳಿಗೂ ರಕ್ತದ ಗುಂಪು ಇದೆ. ಹೆಚ್ಚಿನವು ಎ, ಕೆಲವು ಒ, ಬಿ ಇಲ್ಲ. ಗೊರಿಲ್ಲಾಗಳಲ್ಲಿ ಬಿ. ಆದರೆ ರಕ್ತ ಕೊಡೋಕೆ ಗುಂಪು ಹೊಂದಿದರೆ ಸಾಲದು, ಕಣದ ಮೇಲೆ ಇನ್ನೂ ಎಷ್ಟೋ ಗುರುತುಗಳಿವೆ. ಕಿಡ್ನಿಯನ್ನು ನಿಜವಾಗಿಯೂ ಹಾಕಿ ನೋಡಿದ್ದಾರೆ. 1963-64ರಲ್ಲಿ ಅಮೆರಿಕದಲ್ಲಿ ಕೀತ್ ರೀಮ್ಟ್ಸ್‌ಮಾ ಅನ್ನೋ ವೈದ್ಯರು ಚಿಂಪಾಂಜಿಯ ಕಿಡ್ನಿಗಳನ್ನು ಕೆಲವು ರೋಗಿಗಳಿಗೆ ಹಾಕಿದರು. ಒಬ್ಬ ಶಾಲಾ ಶಿಕ್ಷಕಿ 9 ತಿಂಗಳು ಬದುಕಿದರು. ಉಳಿದವರು ಅಷ್ಟು ದಿನ ಉಳಿಯಲಿಲ್ಲ. ಈಗ ಹಂದಿಯ ಜೀನ್ ಬದಲಿಸಿ ಅದರ ಕಿಡ್ನಿ ಹಾಕುವ ಪ್ರಯತ್ನ ನಡೆದಿದೆ. ವಾನರಗಳಿಂದ ವೈರಸ್ ಬರುವ ಅಪಾಯ ಜಾಸ್ತಿ. ಎಚ್‌ಐವಿ ಚಿಂಪಾಂಜಿಗಳ ವೈರಸ್ಸಿನಿಂದಲೇ ಬಂದದ್ದು.

ಇನ್ನೊಂದು ವ್ಯತ್ಯಾಸ ಹೇಳಲೇಬೇಕು. ಎಲ್ಲ ವಾನರಗಳ ಜೀವಕೋಶದ ಮೇಲೆ ಸಯಾಲಿಕ್ ಆಮ್ಲ ಅನ್ನೋ ಸಕ್ಕರೆಯ ಒಂದು ಬಗೆ ಇರುತ್ತದೆ. ನಮ್ಮಲ್ಲಿ ಅದನ್ನು ಮಾಡುವ ಜೀನ್ 20-30 ಲಕ್ಷ ವರ್ಷಗಳ ಹಿಂದೆ ಕೆಟ್ಟುಹೋಗಿದೆ. ಇದನ್ನು ಕಂಡುಹಿಡಿದವರಲ್ಲಿ ಮುಖ್ಯರು ವೆಲ್ಲೂರಿನ ಸಿಎಂಸಿಯಲ್ಲಿ ಓದಿದ ಅಜಿತ್ ವರ್ಕಿ. ಮನುಷ್ಯರ ಮಲೇರಿಯಾ ಪರಾವಲಂಬಿ ಚಿಂಪಾಂಜಿಯನ್ನು ಅಷ್ಟಾಗಿ ಕಾಡದೇ ಇರಲು, ಚಿಂಪಾಂಜಿಯದ್ದು ನಮ್ಮನ್ನು ಕಾಡದೇ ಇರಲು ಇದೂ ಒಂದು ಕಾರಣ ಅಂತ ಅವರ ತಂಡ ಹೇಳುತ್ತದೆ.

ಹುಣಸಗಿ ಹುಡುಗ
ಎಲ್ಲರೂ ಆಫ್ರಿಕಾ, ಅಮೆರಿಕ ಅಂತಿದ್ದೀರಿ. ಮಾಸ್ತರ್ರೇ, ನಿಮ್ಮ ಪಕ್ಕದಲ್ಲೇ ನಮ್ಮ ಹುಣಸಗಿ ಇದೆ. ಇಸಾಂಪುರದ ಹತ್ತಿರ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಉತ್ಖನನ ಮಾಡಿದಾಗ ಕಲ್ಲಿನ ಕೈಗೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಸುಣ್ಣಕಲ್ಲಿನ ಹಾಸು, ಅದನ್ನು ಎಬ್ಬಿಸಿದ ಗುರುತು, ಒಡೆದ ಚಕ್ಕೆ, ಅರ್ಧಕ್ಕೆ ಬಿಟ್ಟ ಕೊಡಲಿ, ಪೂರ್ತಿ ಮಾಡಿದ ಕೊಡಲಿ, ಎಲ್ಲ ಒಂದೇ ಕಡೆ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳಿಂದ ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಲೆಕ್ಕ ಹಾಕಿದ್ದಾರೆ. ನಮ್ಮ ಪ್ರಭೇದದ (ಹೋಮೊ ಸೇಪಿಯನ್ಸ್) ಮನುಷ್ಯರ ಅತಿ ಹಳೇ ಮೂಳೆ ಮೊರಾಕ್ಕೋದಲ್ಲಿ ಸಿಕ್ಕಿದ್ದು, ಅದಕ್ಕೆ 3 ಲಕ್ಷ ವರ್ಷ. ಹಾಗಾದರೆ ನಮ್ಮ ಹೊಲದ ಕೊಡಲಿ ಮಾಡಿದವರು ನಾವಲ್ಲ, ಚಿಂಪಾಂಜಿಯಂತೂ ಅಲ್ಲವೇ ಅಲ್ಲ. ನಡುವಿನವರು.

ಬೀದರ್ ಕೋಟೆ
ಅವರ ಡಿಎನ್‌ಎ ತೆಗೆದು ನೋಡಿದರೆ ಮುಗಿಯಿತಲ್ಲ?

ಹುಣಸಗಿ ಹುಡುಗ
ಇಸಾಂಪುರದಲ್ಲಿ ಮನುಷ್ಯರ ಮೂಳೆ ಸಿಕ್ಕಿಲ್ಲ ಅಣ್ಣ. ಸಿಕ್ಕಿದ್ದರೂ ನಮ್ಮ ಬಿಸಿಲಿಗೆ ಡಿಎನ್‌ಎ ಅಷ್ಟು ಕಾಲ ಉಳಿಯಲ್ಲ. ನಿಯಾಂಡರ್ತಾಲರ ಡಿಎನ್‌ಎ ಉಳಿದದ್ದು ತಣ್ಣನೆ ಗುಹೆಗಳಲ್ಲಿ. ಅದನ್ನು ಓದಿದ್ದಕ್ಕೆ ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು.

ಶರಣು ಶರಣಾರ್ಥಿ
ಕಲ್ಲಿನ ಕೆಲಸ ಚಿಂಪಾಂಜಿ ಮಾಡಲ್ವಾ?

ಹುಣಸಗಿ ಹುಡುಗ
ಮಾಡುತ್ತವೆ. ಪಶ್ಚಿಮ ಆಫ್ರಿಕಾದ ಗಿನಿಯಲ್ಲಿ ಬೊಸ್ಸೌ ಅನ್ನೋ ಕಡೆ ಒಂದು ಕಲ್ಲಿನ ಮೇಲೆ ಕಾಯಿ ಇಟ್ಟು ಇನ್ನೊಂದು ಕಲ್ಲಿನಿಂದ ಒಡೆಯುತ್ತವೆ. ಮರಿಗಳು ತಾಯಿಯ ಪಕ್ಕ ಕೂತು ವರ್ಷಗಟ್ಟಲೆ ನೋಡಿ ಕಲಿಯುತ್ತವೆ. ಕಲ್ಲನ್ನೇ ಎರಡೂ ಕಡೆ ಕೆತ್ತಿ ಬೇಕಾದ ಆಕಾರಕ್ಕೆ ತರೋದು ಮಾತ್ರ ಕಾಡಿನ ಚಿಂಪಾಂಜಿಗಳಲ್ಲಿ ಕಂಡಿಲ್ಲ.

ವಿಜ್ಞಾನ ಮಾಸ್ತರ, ಶಹಾಪುರ
ಎಲ್ಲರಿಗೂ ತುಂಬಾ ಧನ್ಯವಾದ. ಬೋರ್ಡ್ ಮೇಲೆ ಮೂರು ಸಂಖ್ಯೆಯನ್ನೂ ಬರೆದು, ಪಕ್ಕದಲ್ಲಿ ಏನನ್ನು ಎಣಿಸಿದರು ಅಂತ ಮಕ್ಕಳಿಂದಲೇ ಹೇಳಿಸುತ್ತೇನೆ. ಇನ್ನೊಂದು ಸಂದೇಹ ಉಳಿದಿದೆ. ಗೊರಿಲ್ಲಾಕ್ಕಿಂತ ಚಿಂಪಾಂಜಿ ನಮಗೆ ಹತ್ತಿರ ಅಂತಾದರೆ, ಪ್ರತಿಯೊಂದು ಜೀನಿನಲ್ಲೂ ಹಾಗೇ ಇರುತ್ತದಾ? ಮಕ್ಕಳು ಇದನ್ನು ಖಂಡಿತ ಕೇಳುತ್ತಾರೆ.

ಜೀವಶಾಸ್ತ್ರ ಎಂಎಸ್ಸಿ, ಕಲಬುರಗಿ
ಇಲ್ಲ ಸರ್. 2012ರಲ್ಲಿ ಗೊರಿಲ್ಲಾದ ಜೀನೋಮ್ ಬಂದಾಗ, ಸುಮಾರು ಶೇ 30ರಷ್ಟು ಭಾಗದಲ್ಲಿ ಆ ಕ್ರಮ ಇಲ್ಲ ಅಂತ ಗೊತ್ತಾಯಿತು. ಅದರಲ್ಲಿ ಅರ್ಧದಷ್ಟು ಕಡೆ ನಾವು ಗೊರಿಲ್ಲಾಕ್ಕೆ ಹತ್ತಿರ, ಇನ್ನರ್ಧದಲ್ಲಿ ಚಿಂಪಾಂಜಿ ಗೊರಿಲ್ಲಾಕ್ಕೆ ಹತ್ತಿರ. ಮೂರೂ ಕವಲು ಬೇರೆಯಾದ ಕಾಲಗಳ ನಡುವೆ ಅಂತರ ಕಡಿಮೆ ಇತ್ತು. ಮೂಲ ಗುಂಪಿನಲ್ಲಿ ಒಂದೇ ಜೀನಿನ ಹಲವು ರೂಪಗಳು ಮೊದಲೇ ಇದ್ದವು. ಯಾವ ರೂಪ ಯಾವ ಕವಲಿಗೆ ಉಳಿಯಿತು ಅನ್ನೋದು ಪ್ರತಿ ಜೀನಿಗೂ ಬೇರೆ ಬೇರೆ ಆಯಿತು. ಉಳಿದ ಶೇ 70ರಷ್ಟು ಕಡೆ ಚಿಂಪಾಂಜಿಯೇ ನಮಗೆ ಹತ್ತಿರ. ಪೂರ್ತಿ ಲೆಕ್ಕದಲ್ಲೂ ಅದೇ.

ನಿವೃತ್ತ ತಲಾಟಿ
ತಂಗಿ, ಬೊನೊಬೊ ಮತ್ತು ಚಿಂಪಾಂಜಿಯಲ್ಲಿ ನಮಗೆ ಹತ್ತಿರದ್ದು ಯಾವುದು?

ಜೀವಶಾಸ್ತ್ರ ಎಂಎಸ್ಸಿ, ಕಲಬುರಗಿ
ಎರಡೂ ಸಮಾನ ದೂರ ಕಾಕಾ. ಅವೆರಡೂ ಒಂದರಿಂದ ಒಂದು ಬೇರೆಯಾದದ್ದು 10-20 ಲಕ್ಷ ವರ್ಷಗಳ ಹಿಂದೆ, ನಮ್ಮಿಂದ ಬೇರೆಯಾಗಿ ಬಹಳ ಕಾಲವಾದ ಮೇಲೆ. ಕಾಂಗೋ ನದಿಯ ದಕ್ಷಿಣಕ್ಕೆ ಬೊನೊಬೊ, ಉತ್ತರಕ್ಕೆ ಚಿಂಪಾಂಜಿ. ಎರಡಕ್ಕೂ ಈಜು ಬರಲ್ಲ.